ಕೆಪ್ಪ ಜೋಗದ ಕಾಲುದಾರಿ

ನಮ್ಮ ನಾಡಿನ ಜಲಪಾತಗಳಲ್ಲಿ ಅನೇಕಕ್ಕೆ ಎರಡೆರಡು ಹೆಸರುಗಳು. ಒಂದು, ಆ ಸೀಮೆಯ ಜನ ತಲೆತಲಾಂತರದಿಂದ ಕರೆಯುತ್ತ ಬಂದದ್ದು. ಇನ್ನೊಂದು, ಪರಸ್ಥಳದಿಂದ ಬಂದ ಅಧಿಕಾರಿಯೊಬ್ಬ ನಕಾಶೆಯ ಮೇಲೆ ಬರೆದು ಹೋದದ್ದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಘಟ್ಟದ ಮೇಲಣ ನಾಡನ್ನು ಬಿಟ್ಟು ಕೆಳಗಿನ ಕಣಿವೆಗೆ ಧುಮುಕುತ್ತದೆ. ಅದರ ಎತ್ತರ ೧೧೬ ಮೀಟರು, ಎಂದರೆ ಸುಮಾರು ೩೮೦ ಅಡಿ. ಪ್ರವಾಸಿ ಕೈಪಿಡಿಗಳು ಬಹುಕಾಲ ಅದನ್ನು ‘ಲಷಿಂಗ್ಟನ್ ಜಲಪಾತ’ವೆಂದೇ ಕರೆದವು. ೧೮೪೫ರಲ್ಲಿ ಜೆ. ಡಿ. ಲಷಿಂಗ್ಟನ್ ಎಂಬ ಆಂಗ್ಲ ಕಲೆಕ್ಟರನು ಅದನ್ನು ‘ಕಂಡುಹಿಡಿದ’ನೆಂಬುದು ಅದಕ್ಕೆ ಅವು ಕೊಡುವ ಕಾರಣ. ಈಚೆಗೆ ಸಮೀಪದ ಹಳ್ಳಿಯ ಹೆಸರಿನಿಂದ ಅದು ಉಂಚಳ್ಳಿ ಜಲಪಾತವೆಂದು ಪ್ರಸಿದ್ಧವಾಗಿದೆ. ಆದರೆ ಆ ಸೀಮೆಯವರ ಬಾಯಲ್ಲಿ ಅದು ಹಿಂದಿನಿಂದಲೂ ‘ಕೆಪ್ಪ ಜೋಗ’. ಕೇಳಿದವನ ಕಿವಿಯನ್ನು ಕೆಪ್ಪಾಗಿಸುವ ಜೋಗ.

ಸುತ್ತಣ ಹಳ್ಳಿಗಳ ಕಿವಿಗೆ ಹಗಲಿರುಳು ಬಡಿಯುತ್ತಿದ್ದ ಸದ್ದನ್ನು ಪರದೇಶದವನೊಬ್ಬ ಕಂಡುಹಿಡಿದನೆಂಬುದು ನಗೆ ತರುವ ಮಾತು. ಅದಿರಲಿ. ಆ ಹಳೆಯ ಹೆಸರಿನಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಜಲಪಾತವನ್ನು ನೋಡಲು ಹೋದವನು ಅದಕ್ಕೆ ರೂಪದ ಮೇಲಿಂದ ಹೆಸರಿಡುತ್ತಾನೆ. ಅದರ ಪಕ್ಕದಲ್ಲಿ ಬಾಳಿದವನು ಸದ್ದಿನ ಮೇಲಿಂದ ಹೆಸರಿಡುತ್ತಾನೆ. ಮೃಗಶಿರಾ ಮಳೆ ಬಿದ್ದ ಕೆಲವು ದಿನಗಳಲ್ಲಿ ಸದ್ದು ಏಳುತ್ತದೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಆರ್ಭಟಿಸುತ್ತದೆ. ಚಿತ್ತೆ ಸ್ವಾತಿಗಳು ಕಳೆದ ಮೇಲೆ ಇಳಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ಕಿವಿಗೊಟ್ಟು ಕೇಳಬೇಕಾಗುತ್ತದೆ. ಘಟ್ಟದ ಜೋಗಗಳೆಲ್ಲವೂ ಹೀಗೆ ಋತುಮಾನದ ಜೋಗಗಳೇ. ಅವುಗಳಲ್ಲಿ ಕೆಲವು ವರ್ಷವಿಡೀ ಎಳೆಯಷ್ಟಾದರೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೆಲವು ಮಳೆ ನಿಂತೊಡನೆ ಬರಿಯ ಬಂಡೆಯಾಗುತ್ತವೆ. ಈ ಅಂತರ ಏಕೆಂದು ಕೇಳುತ್ತ ಹೋದರೆ, ಪ್ರಶ್ನೆ ಬಂಡೆಯಿಂದ ಕಾಡಿಗೂ, ಕಾಡಿನಿಂದ ಚರಿತ್ರೆಗೂ ಬಂದು ಮುಟ್ಟುತ್ತದೆ. ಜೋಗದ ದಾರಿಯ ಇಕ್ಕೆಲದಲ್ಲಿ ನಿಂತ ಮರಗಳನ್ನು ಓದಬಲ್ಲವನಿಗೆ ಕಳೆದ ಇನ್ನೂರು ವರ್ಷಗಳ ಇತಿಹಾಸ ಅಲ್ಲೇ ತೆರೆದು ಬಿದ್ದಿದೆ.

ಸಿದ್ದಾಪುರ ಪಟ್ಟಣದಿಂದ ಈ ಜಲಪಾತ ಸುಮಾರು ೩೫ ಕಿಲೋಮೀಟರು. ಹೆಗ್ಗರಣೆ ಎಂಬ ಊರಿನವರೆಗೆ ಬಂದು, ಅಲ್ಲಿಂದ ಸುಮಾರು ೫ ಕಿಲೋಮೀಟರು ಕಾಡುದಾರಿಯಲ್ಲಿ ನಡೆಯುವುದು ಹಿಂದಿನ ಕ್ರಮ. ಈಗ ವಾಹನಗಳು ಬಹಳ ಹತ್ತಿರದವರೆಗೆ ಹೋಗುತ್ತವೆ. ಕೊನೆಯ ಇಳುಕಲನ್ನು ಮಾತ್ರ ಕಾಲಿನಿಂದಲೇ ಕ್ರಮಿಸಬೇಕು. ಆದರೂ ಕಾಲು ಗಟ್ಟಿಯಿದ್ದವರು ಹೆಗ್ಗರಣೆಯಿಂದಲೇ ನಡೆಯುವುದು ಲೇಸು. ಮಳೆಗಾಲದಲ್ಲಿ ಉಂಬಳಗಳ ಕಾಟವುಂಟು. ಸುಣ್ಣ, ಹೊಗೆಸೊಪ್ಪು ಜೊತೆಗಿದ್ದರೆ ಅದಕ್ಕೆ ಹೆದರಬೇಕಾದ್ದಿಲ್ಲ. ನಡೆಯುವುದರ ಲಾಭವೆಂದರೆ ಕಾಡು ಹೇಗೆ ಬದಲಾಗುತ್ತದೆಂಬುದು ಕಣ್ಣಿಗೆ ಬೀಳುತ್ತದೆ. ಮೊದಲು ಅಡಿಕೆ ತೋಟಗಳು. ತೋಟದ ತಲೆಯ ಮೇಲೆ ಕೊಂಬೆ ಕಡಿಸಿಕೊಂಡು ಕಂಬದಂತೆ ನಿಂತ ಮತ್ತಿ, ಕಿಂದಳ, ಹೊನ್ನೆಗಳ ಬೆಟ್ಟ. ಅದರಾಚೆ ಸಾಲಾಗಿ ನೆಟ್ಟ ಅಕೇಶಿಯಾ. ಇನ್ನೂ ಮುಂದೆ ಹೋದಂತೆ ಬಿಸಿಲು ನೆಲಕ್ಕೆ ತಾಗದ ಕಪ್ಪು ಹಸುರಿನ ಹೆಗ್ಗಾಡು. ಹೆಬ್ಬಲಸು, ಧೂಪ, ಸುರಹೊನ್ನೆ, ರಾಮಪತ್ರೆ, ಬೈನೆಗಳ ಈ ಕಾಡಿಗೆ ಮಲೆನಾಡಿನಲ್ಲಿ ಬೇರೆಯ ಹೆಸರೇ ಇದೆ: ಕಾನು.

ನಿಘಂಟಿನಲ್ಲಿ ಕಾಡು, ಕಾನು, ಅಡವಿಗಳು ಸಮಾನಾರ್ಥಕಗಳು. ಆದರೆ ಸಿದ್ದಾಪುರ, ಸೊರಬ, ಸಾಗರಗಳ ಕಡೆಯ ರೈತನಿಗೆ ಕಾಡು ಬೇರೆ, ಕಾನು ಬೇರೆ. ಬೇಸಗೆಯಲ್ಲಿ ಎಲೆ ಉದುರಿಸುವುದು ಕಾಡು. ವರ್ಷವಿಡೀ ಹಸುರಾಗಿದ್ದು, ನಡುವೆಯೆಲ್ಲೋ ಬತ್ತದ ಒರತೆಯೊಂದನ್ನು ಇಟ್ಟುಕೊಂಡಿರುವುದು ಕಾನು. ಸಿದ್ದಾಪುರ-ಹೊನ್ನಾವರಗಳ ಗಡಿಯ ಕಡೆಗಿರುವ ‘ಕತ್ತಲೆಕಾನು’ ಎಂಬ ಹೆಸರನ್ನು ಕೇಳಿದರೆ ಸಾಕು, ಅದರ ಒಳಗು ಹೇಗಿದ್ದೀತೆಂದು ತಿಳಿಯುತ್ತದೆ. ಕಾನಿನ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬುತ್ತಿತ್ತು. ಬೈನೆಯಿಂದ ಕಳ್ಳು ಇಳಿಯುತ್ತಿತ್ತು. ಜೇನು, ಮುರುಗಲು, ಉಪ್ಪಾಗೆ ದೊರೆಯುತ್ತಿದ್ದವು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ಯೆಂದು ಕರೆದರಷ್ಟೆ. ಆ ಮೆಣಸು ಇಂತಹ ಘಟ್ಟದ ಕಾನು ಮತ್ತು ತೋಟಗಳದ್ದು. ಅಘನಾಶಿನಿಯ ಕೆಳದಂಡೆಯ ಮಿರ್ಜಾನ್ ಕೋಟೆ ಆ ವ್ಯಾಪಾರದ ವೈಭವದ ಕುರುಹಾಗಿ ಇಂದಿಗೂ ನಿಂತಿದೆ.

ಇಂತಹ ಕಾಡಿನ ಒಡೆಯರು ಯಾರು? ಈ ಪ್ರಶ್ನೆಯನ್ನು ಬರೆಹದಲ್ಲಿ ಎತ್ತಿದವರಲ್ಲಿ ಮೊದಲಿಗನೆನ್ನಬಹುದಾದವನು ಫ್ರಾನ್ಸಿಸ್ ಬುಕಾನನ್. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಹೊಸದಾಗಿ ದೊರೆತ ಸೀಮೆಯಲ್ಲಿ ಏನೇನಿದೆಯೆಂದು ನೋಡಿ ಬರಲು ಹೊರಟ ಈ ವೈದ್ಯ ೧೮೦೧ರಲ್ಲಿ ಸೋದೆ, ಸಿರ್ಸಿ, ಬನವಾಸಿಗಳ ಮೂಲಕ ಹಾದುಹೋದ. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಕುತೂಹಲದ ಸಂಗತಿಯೊಂದಿದೆ. ಈ ಜಿಲ್ಲೆಯ ಕಾಡುಗಳು ಆಯಾ ಗ್ರಾಮದ ದೇವರ ಸ್ವತ್ತು. ಊರ ಗೌಡನೇ ಆ ದೇವರ ಪೂಜಾರಿ. ಅವನ ಅಪ್ಪಣೆ ಪಡೆಯದೆ ಯಾರೂ ಮರ ಕಡಿಯಬಾರದು. ಅಪ್ಪಣೆಗೆ ಹಣವೇನೂ ಇಲ್ಲ, ಕೇಳುವುದಷ್ಟೇ ಕ್ರಮ. ಇದನ್ನು ಬರೆದು ಬುಕಾನನ್ ತನ್ನದೊಂದು ಶಂಕೆಯನ್ನೂ ಸೇರಿಸಿದ: ಸರ್ಕಾರ ಕಾಡಿನ ಮೇಲೆ ಹಕ್ಕು ಹೇಳದಿರಲೆಂದು ಇವರು ದೇವರನ್ನು ಮುಂದೊಡ್ಡಿದ್ದಾರೆ! ಮುಂದಿನ ನೂರೈವತ್ತು ವರ್ಷಗಳ ವ್ಯಾಜ್ಯವೆಲ್ಲ ಆ ಒಂದು ಶಂಕೆಯಲ್ಲಿ ಬೀಜರೂಪವಾಗಿ ಅಡಗಿದೆಯೆಂದರೆ ತಪ್ಪಾಗಲಾರದು. ದೇವರಿಗೆ ಸೇರಿದ ಮರ ಯಾರಿಗೂ ಸೇರದ್ದೆಂದೂ, ಯಾರಿಗೂ ಸೇರದ್ದು ಸರ್ಕಾರಕ್ಕೆ ಸೇರಿದ್ದೆಂದೂ ತರ್ಕ ಸಾಗಿತು.

ಕಂಪನಿಗೆ ಆಗ ಬೇಕಾಗಿದ್ದುದು ನೀರಲ್ಲ, ನೆರಳಲ್ಲ, ಹಡಗು. ಇಂಗ್ಲೆಂಡಿನ ಓಕ್ ಮರ ವಿರಳವಾಗುತ್ತ ಬಂದಂತೆ ಪಶ್ಚಿಮ ಕರಾವಳಿಯ ತೇಗದ ಮೇಲೆ ಕಣ್ಣು ಬಿತ್ತು. ಮುಂಬಯಿಯ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ಅದರಿಂದ ಯುದ್ಧದ ಹಡಗುಗಳನ್ನು ಕಟ್ಟಿದರು. ೧೮೧೭ರಲ್ಲಿ ಅವರು ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಗಟ್ಟಿಮರದ ಬಾಳಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬುವನನ್ನು ಅರಣ್ಯ ಸಂರಕ್ಷಕನೆಂದು ನೇಮಿಸಿ, ಮಲಬಾರು ಮತ್ತು ಕನ್ನಡ ಜಿಲ್ಲೆಗಳ ತೇಗವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿದರು. ಸಂರಕ್ಷಕನೆಂಬ ಪದವಿ ನಮ್ಮ ದೇಶಕ್ಕೆ ಬಂದದ್ದು ಹೀಗೆ, ಕಡಿಯುವ ಹಕ್ಕನ್ನು ಕಾಯುವುದಕ್ಕಾಗಿ. ಜನರ ಅಸಮಾಧಾನ ಹೆಚ್ಚಲಾಗಿ, ಕನ್ನಡ ಜಿಲ್ಲೆಯನ್ನು ಮೊದಲ ಕಲೆಕ್ಟರನಾಗಿ ಬಲ್ಲವನಾಗಿದ್ದ ಥಾಮಸ್ ಮನ್ರೋ ಮದ್ರಾಸಿನ ಗವರ್ನರನಾದಾಗ, ೧೮೨೩ರಲ್ಲಿ ಆ ವ್ಯವಸ್ಥೆ ರದ್ದಾಯಿತು.

ಈ ಮೊದಲ ಕೊಡಲಿಯಿಂದ ಕೆಪ್ಪ ಜೋಗದ ಸುತ್ತಿನ ಕಾಡು ಬಹುಮಟ್ಟಿಗೆ ಪಾರಾಯಿತು. ತೇಗ ಬೆಳೆಯುವುದು ಹೆಚ್ಚಾಗಿ ಹಳಿಯಾಳ, ದಾಂಡೇಲಿ, ಯಲ್ಲಾಪುರಗಳ ಕಡೆಯ ಎಲೆಯುದುರುವ ಕಾಡಿನಲ್ಲಿ. ತೇಗದ ಮರವನ್ನು ನಿಂತಲ್ಲೇ ತೊಗಟೆ ಸುಲಿದು ಒಣಗಿಸಿದರೆ ಅದರ ದಿಮ್ಮಿ ನೀರಿನಲ್ಲಿ ತೇಲುತ್ತದೆ. ಹೊಳೆಯೇ ಅದನ್ನು ಸಮುದ್ರಕ್ಕೆ ಒಯ್ಯುತ್ತಿತ್ತು. ಜಂಬೆಯಂತಹ ಹಸಿ ಗಟ್ಟಿಮರದ ದಿಮ್ಮಿಯಾದರೋ ಕಲ್ಲಿನಂತೆ ಮುಳುಗುತ್ತದೆ. ಮುಳುಗುವ ಮರವನ್ನು ಕೇಳುವವರಿರಲಿಲ್ಲ. ಕಾನಿನ ಮರಗಳಂತೂ ಹಡಗಿನ ಕೆಲಸಕ್ಕೆ ಸಲ್ಲದವೆಂದು ಲೆಕ್ಕದಿಂದಲೇ ಹೊರಗಿದ್ದವು. ಹೀಗೆ ನಿಷ್ಪ್ರಯೋಜಕವೆಂಬ ಬಿರುದೇ ಅವಕ್ಕೆ ರಕ್ಷೆಯಾಯಿತು.

ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಬೇರೊಂದು ದನಿ ಕೇಳಿಬರತೊಡಗಿತು. ಶಿವಮೊಗ್ಗೆಯಲ್ಲಿ ಕಂಪನಿಯ ವೈದ್ಯನಾಗಿದ್ದು ಮಲೆನಾಡಿನ ಗಿಡಮರಗಳನ್ನು ಅಭ್ಯಾಸ ಮಾಡಿದ ಹ್ಯೂ ಕ್ಲೆಗ್‌ಹಾರ್ನ್, ೧೮೫೧ರಲ್ಲಿ ಇಪ್ಸ್‌ವಿಚ್‌ನಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯ ಮುಂದೆ ಉಷ್ಣವಲಯದ ಕಾಡುಗಳ ನಾಶದಿಂದಾಗುವ ಪರಿಣಾಮಗಳ ಬಗೆಗಿನ ವರದಿಯನ್ನಿಟ್ಟ. ಕಾಡು ಹೋದರೆ ದಿಮ್ಮಿಯಷ್ಟೇ ಅಲ್ಲ, ಒರತೆಯೂ ಹೋದೀತೆಂಬ ಚಿಂತೆ ಅಲ್ಲಿ ವಿದ್ವಾಂಸರ ಚರ್ಚೆಗೆ ಬಂತು. ನಮ್ಮ ಮಲೆನಾಡಿಗರಿಗೆ ಇದು ಹೊಸ ಮಾತಾಗಿರಲಿಲ್ಲ. ಅಡಿಕೆ ಮರವನ್ನು ಸೀಳಿದ ದಬ್ಬೆಯಲ್ಲಿ ಕಾನಿನ ಒರತೆಯ ಅಬ್ಬಿ ನೀರನ್ನು ಅಂಗಳದವರೆಗೆ ಹರಿಸಿಕೊಂಡವನಿಗೆ, ತಲೆಯ ಮೇಲಿನ ಕಾನು ಏಕೆ ಉಳಿಯಬೇಕೆಂದು ವರದಿ ಓದಿ ತಿಳಿಯಬೇಕಾಗಿರಲಿಲ್ಲ.

ಆದರೆ ಆ ಚಿಂತೆಯ ಫಲವಾಗಿ ಶಿಕ್ಷೆಯಾದದ್ದು ಯಾರಿಗೆಂಬುದನ್ನು ನೋಡಬೇಕು. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಬೂದಿಯಲ್ಲಿ ಒಂದೆರಡು ವರ್ಷ ರಾಗಿ ಬೆಳೆದು, ನೆಲವನ್ನು ಬಿಟ್ಟು ಮುಂದೆ ಹೋಗುವ ಬೇಸಾಯಕ್ಕೆ ಕುಮ್ರಿ ಎಂದು ಹೆಸರು. ಘಟ್ಟದ ಬಡ ಜನರ ಅನ್ನ ಅದು. ಕ್ಲೆಗ್‌ಹಾರ್ನ್ ಅದರ ಕಡು ವಿರೋಧಿ. ೧೮೫೬ರಲ್ಲಿ ಅವನು ಮದ್ರಾಸು ಪ್ರಾಂತದ ಅರಣ್ಯ ಸಂರಕ್ಷಕನಾದ. ೧೮೬೦ರಲ್ಲಿ ಮದ್ರಾಸು ಸರ್ಕಾರ ಸರ್ಕಾರಿ ಕಾಡುಗಳಲ್ಲಿ ಅಪ್ಪಣೆಯಿಲ್ಲದ ಕುಮ್ರಿಯನ್ನು ನಿಷೇಧಿಸಿತು. ಕುಮ್ರಿಯಿಂದ ಕಾಡಿಗೆ ಕೇಡಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದೇ ದಶಕಗಳಲ್ಲಿ ರೈಲು ಹಳಿಗಳು ದೇಶದ ಉದ್ದಗಲಕ್ಕೆ ಹಬ್ಬುತ್ತಿದ್ದವು. ಒಂದೊಂದು ಮೈಲಿ ಹಳಿಯ ಕೆಳಗೆ ಸಾವಿರಕ್ಕೂ ಮಿಕ್ಕಿ ಮರದ ಅಡ್ಡಪಟ್ಟಿಗಳು ಮಲಗಬೇಕಾಗಿತ್ತು. ಅವು ಕೆಲವೇ ವರ್ಷಗಳಲ್ಲಿ ಶಿಥಿಲವಾಗಿ ಹೊಸವು ಬೇಕಾಗುತ್ತಿದ್ದವು. ಹಿಂದೆ ನೀರಿನಲ್ಲಿ ಮುಳುಗುತ್ತಿದ್ದ ಗಟ್ಟಿಮರಕ್ಕೆ ಈಗ ಬೆಲೆ ಬಂತು. ರಾಗಿಗಾಗಿ ಉರಿದ ಕಾಡು ಅಪರಾಧವಾಯಿತು. ರೈಲಿಗಾಗಿ ಉರುಳಿದ ಕಾಡು ಅಭಿವೃದ್ಧಿಯಾಯಿತು.

೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ೧೮೬೪ರಲ್ಲಿ ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಇಡೀ ದೇಶದ ಅರಣ್ಯಗಳ ಪ್ರಥಮ ಇನ್ಸ್‌ಪೆಕ್ಟರ್ ಜನರಲ್ ಆದ. ೧೮೬೮ರಲ್ಲಿ ಅವನೂ ಗ್ರಾಂಟ್ ಎಂಬ ಅಧಿಕಾರಿಯೂ ಕೂಡಿ ನೆರೆಯ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿಯೊಂದನ್ನು ಬರೆದರು. ಊರವರು ಕಾಯ್ದುಕೊಂಡು ಬಂದ ಕಾನುಗಳು ಸರ್ಕಾರದ ಕಾಗದದಲ್ಲಿ ಹೀಗೆ ಕಾಣಿಸಿಕೊಂಡದ್ದು ದೊಡ್ಡ ಸಂಗತಿ. ಆದರೆ ೧೮೭೮ರ ಅರಣ್ಯ ಕಾಯಿದೆ ಬಂದಾಗ ಅದರಲ್ಲಿ ಕಾದಿಟ್ಟ ಅರಣ್ಯ, ರಕ್ಷಿತ ಅರಣ್ಯ, ಗ್ರಾಮಾರಣ್ಯ ಎಂಬ ಮೂರು ವರ್ಗಗಳಿದ್ದವು, ಕಾನೆಂಬ ವರ್ಗವಿರಲಿಲ್ಲ. ಕಾಡಿನಲ್ಲಿ ಗಡಿಕಲ್ಲುಗಳು ಎದ್ದವು. ಆವರೆಗೆ ಅಪ್ಪಣೆ ಕೇಳಿ ಒಯ್ಯುತ್ತಿದ್ದುದನ್ನು ಆಮೇಲೆ ಕದ್ದು ಒಯ್ಯಬೇಕಾಯಿತು. ಕದ್ದು ಒಯ್ಯುವವನಿಗೆ ಕಾಡಿನ ಮೇಲೆ ಮಮತೆ ಉಳಿದೀತೆ? ಇದು ಆ ಕಾಯಿದೆ ಮಾಡಿದ ಹಾನಿಗಳಲ್ಲಿ ಮರಗಳ ಲೆಕ್ಕಕ್ಕೆ ಸಿಗದ ಹಾನಿ.

ಅಡಿಕೆ ತೋಟಿಗರಿಗೆ ಮಾತ್ರ ಸರ್ಕಾರ ಒಂದಿಷ್ಟು ಬಿಟ್ಟುಕೊಟ್ಟಿತು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪಿಗೂ ದರಕಿಗೂ ಬಳಸುವ ಸೌಲಭ್ಯ ಅದು. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ದಾರಿಯುದ್ದಕ್ಕೂ ಕಾಣುವ ಬೋಳುಕೊಂಬೆಯ ಮರಗಳು ಈ ಸೊಪ್ಪಿನ ಬೆಟ್ಟದವು. ಚೆನ್ನಾಗಿ ಕಾಯ್ದ ಬೆಟ್ಟವನ್ನು ದೂರದಿಂದಲೇ ಗುರುತಿಸಬಹುದು. ಕೊಂಬೆ ಕಡಿದಿದ್ದರೂ ಮರದ ಕೆಳಗೆ ತರಗೆಲೆಯ ಹಾಸಿಗೆ ಇರುತ್ತದೆ. ಕಾಯದೆ ಬಿಟ್ಟ ಬೆಟ್ಟ ಹುಲ್ಲು ಮೇಯುವ ಬೇಣವಾಗಿ, ಕೊನೆಗೆ ಕೆಂಪು ಚಿರೆಕಲ್ಲಿನ ಬಯಲಾಗುತ್ತದೆ. ಸೊಪ್ಪಿನ ಹಕ್ಕು ಪಡೆದವನೇ ತನ್ನ ತೋಟದ ನೀರನ್ನು ಕೊಂದುಕೊಂಡ ಉದಾಹರಣೆಗಳೂ ಇವೆಯೆಂಬುದನ್ನು ಮರೆಮಾಚುವುದು ನ್ಯಾಯವಲ್ಲ.

ಕಾಡಿನ ಈ ಬೇಗುದಿ ೧೯೩೦ರಲ್ಲಿ ಸ್ವಾತಂತ್ರ್ಯ ಹೋರಾಟದೊಳಕ್ಕೆ ಹರಿಯಿತು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷವೇ ಘಟ್ಟದ ಮೇಲೆ ಅರಣ್ಯ ಸತ್ಯಾಗ್ರಹ ನಡೆಯಿತು. ಸಮುದ್ರದ ದಂಡೆಯವರಿಗೆ ಉಪ್ಪು ಹೇಗೋ ಘಟ್ಟದವರಿಗೆ ಕಾಡು ಹಾಗೆ. ಎರಡನ್ನೂ ನಿಸರ್ಗ ಕೊಟ್ಟಿತ್ತು, ಎರಡರ ಮೇಲೂ ಸರ್ಕಾರ ಕುಳಿತಿತ್ತು. ಸಿದ್ದಾಪುರ ತಾಲ್ಲೂಕಿನ ರೈತರು ಮುಂದೆ ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಹರಾಜಿಗೆ ಕಳೆದುಕೊಂಡದ್ದು ಕರ್ನಾಟಕದ ಚರಿತ್ರೆಯ ಉಜ್ವಲ ಅಧ್ಯಾಯಗಳಲ್ಲೊಂದು.

ಸ್ವಾತಂತ್ರ್ಯ ಬಂತು. ಕಾಡಿನ ಮೇಲಣ ಕೊಡಲಿ ನಿಲ್ಲಲಿಲ್ಲ. ಅದರ ಹಿಡಿ ಬದಲಾಯಿತು. ಪ್ಲೈವುಡ್, ಕಾಗದ, ಬೆಂಕಿಪೆಟ್ಟಿಗೆಯ ಕಾರ್ಖಾನೆಗಳಿಗೆ ಮರ, ಬಿದಿರು ಬೇಕಾದವು. ಹಡಗಿಗೆ ಸಲ್ಲದೆ, ರೈಲಿಗೂ ಒದಗದೆ ಉಳಿದಿದ್ದ ಕಾನಿನ ಮೆದುಮರಗಳಿಗೆ ಈಗ ಮೊದಲ ಬಾರಿ ಗಿರಾಕಿ ಹುಟ್ಟಿದ. ಲಾರಿಯ ದಾರಿ ಹೆಗ್ಗಾಡಿನ ಹೊಟ್ಟೆಯವರೆಗೆ ಹೋಯಿತು. ಆರಿಸಿದ ಮರವನ್ನಷ್ಟೇ ಕಡಿಯುತ್ತೇವೆಂಬುದು ನಿಯಮ. ಆದರೆ ನೂರಡಿಯ ಮರವೊಂದು ಬೀಳುವಾಗ ತನ್ನ ಸುತ್ತಲಿನ ಸಣ್ಣ ಮರಗಳನ್ನು ಬಿಟ್ಟು ಒಂದೇ ಬೀಳುವುದಿಲ್ಲ. ೧೯೮೩ರ ಸೆಪ್ಟೆಂಬರ್ ೮ರಂದು ಸಿರ್ಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ‘ಚಿಪ್ಕೊ’ಗೆ ಕನ್ನಡದ ‘ಅಪ್ಪಿಕೊ’ ಜೊತೆಯಾಯಿತು. ಅದಕ್ಕೆ ಎರಡು ವರ್ಷ ಮೊದಲು, ಬೇಡ್ತಿ ನದಿಗೆ ಕಟ್ಟಲಿದ್ದ ವಿದ್ಯುತ್ ಅಣೆಕಟ್ಟಿನ ಲಾಭನಷ್ಟಗಳನ್ನು ತೂಗಲು ಸಿರ್ಸಿಯಲ್ಲಿ ವಿಜ್ಞಾನಿಗಳೂ ತೋಟಿಗರೂ ಒಟ್ಟಿಗೆ ಕುಳಿತು ವಿಚಾರಗೋಷ್ಠಿ ನಡೆಸಿದ್ದರು. ಆ ಯೋಜನೆ ಕೈಬಿಟ್ಟುಹೋಯಿತು. ಬೇಡ್ತಿಯ ಮಾಗೋಡು ಜಲಪಾತ ಉಳಿಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಡು ನೀರನ್ನು ಹಿಡಿದಿಡುತ್ತದೆಂಬುದು ನಿಜವೋ, ಅಥವಾ ಹಿರಿಯರ ನಂಬಿಕೆಯೋ? ಮರವೂ ನೀರು ಕುಡಿಯುತ್ತದೆ. ಹುಲ್ಲಿಗಿಂತ ಹೆಚ್ಚೇ ಕುಡಿಯುತ್ತದೆ. ಆದ್ದರಿಂದ ಮರ ನೆಟ್ಟಲ್ಲೆಲ್ಲ ನೀರು ಉಕ್ಕುವುದೆಂಬ ಮಾತು ಸರಿಯಲ್ಲ. ರಹಸ್ಯವಿರುವುದು ಮರದಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲಿ. ಸಿರ್ಸಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೧೦೦ ಅಂಗುಲ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಅಷ್ಟು ನೀರನ್ನು ಅಷ್ಟು ಬೇಗ ಕುಡಿಯಬೇಕಾದರೆ ನೆಲ ಸಡಿಲವಾಗಿರಬೇಕು. ಹಳೆಯ ಕಾಡಿನಲ್ಲಿ ತರಗೆಲೆಯ ಹೊದಿಕೆ ಹನಿಯ ಪೆಟ್ಟನ್ನು ತಡೆಯುತ್ತದೆ. ಸತ್ತ ಬೇರು, ಎರೆಹುಳ, ಗೆದ್ದಲುಗಳು ಕೊರೆದ ಸಾವಿರಾರು ನಾಳಗಳಲ್ಲಿ ನೀರು ಕೆಳಗಿಳಿಯುತ್ತದೆ. ಇಳಿದ ನೀರು ತಿಂಗಳುಗಟ್ಟಲೆ ತಡೆದು ಒರತೆಯಾಗಿ ಹೊರಡುತ್ತದೆ. ದನ ತುಳಿದು, ಬಿಸಿಲಿಗೆ ಬೆಂದು ಗಟ್ಟಿಯಾದ ನೆಲದ ಮೇಲೆ ಅದೇ ಮಳೆ ಕೆಂಪು ನೀರಾಗಿ ಅರ್ಧ ದಿನದಲ್ಲಿ ಹೊಳೆ ಸೇರುತ್ತದೆ. ಅಂತಹ ಸೀಮೆಯ ಜೋಗ ಶ್ರಾವಣದಲ್ಲಿ ಇನ್ನಷ್ಟು ಭೋರ್ಗರೆಯುತ್ತದೆ, ಪುಷ್ಯದಲ್ಲಿ ಬತ್ತುತ್ತದೆ. ನೋಡುಗನು ಆ ಭೋರ್ಗರೆತಕ್ಕೆ ಚಪ್ಪಾಳೆ ತಟ್ಟುತ್ತಾನೆ. ಅದು ಆರೋಗ್ಯದ ಲಕ್ಷಣವಲ್ಲ, ಜ್ವರದ ಲಕ್ಷಣ.

ಇದು ಬರಿಯ ಊಹೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ನಮ್ಮ ಘಟ್ಟದ ಹೊಳೆಗಳ ಕಣಿವೆಗಳಲ್ಲಿ ವರ್ಷಗಟ್ಟಲೆ ಅಳತೆ ಮಾಡಿದ್ದಾರೆ. ಹಳ್ಳದ ಜಲಾನಯನದಲ್ಲಿ ಅಲ್ಲಿಯದೇ ಜಾತಿಯ ಮರಗಳ ಹೊದಿಕೆ ನೂರಕ್ಕೆ ೬೦ಕ್ಕಿಂತ ಮಿಕ್ಕಿದ್ದಲ್ಲಿ ಹಳ್ಳ ಹನ್ನೆರಡು ತಿಂಗಳೂ ಹರಿಯಿತು. ಹೊದಿಕೆ ೩೦ಕ್ಕಿಂತ ಕೆಳಗಿಳಿದಲ್ಲಿ ಮಳೆಗಾಲದ ನಾಲ್ಕು ತಿಂಗಳಿಗೇ ಅದರ ಹರಿವು ಮುಗಿಯಿತು. ಮಳೆ ಎರಡೂ ಕಡೆ ಒಂದೇ. ಆಕಾಶ ಪಕ್ಷಪಾತ ಮಾಡಲಿಲ್ಲ, ನೆಲ ಮಾಡಿತು. ದಾರಿಯ ಬದಿಯ ಅಕೇಶಿಯಾ ತೋಪನ್ನು ಕಂಡು ಕಾಡು ಮರಳಿತೆಂದು ಹಿಗ್ಗುವವರು ಇದನ್ನು ನೆನಪಿನಲ್ಲಿಡಬೇಕು. ಹಸುರು ಬಣ್ಣವೊಂದೇ ಕಾಡಲ್ಲ. ಮೂರು ಶತಮಾನಗಳಲ್ಲಿ ಆದ ಮಣ್ಣು ಮೂವತ್ತು ವರ್ಷಗಳ ನೆಡುತೋಪಿನಿಂದ ಮರಳಿ ಬರುವಂತಹುದಲ್ಲ.

ಋತುಮಾನದ ಜೋಗವನ್ನು ಮನುಷ್ಯ ಇನ್ನೊಂದು ಬಗೆಯಿಂದಲೂ ಮಾಡಬಲ್ಲ. ಅದಕ್ಕೆ ನಿದರ್ಶನ ಇದೇ ತಾಲ್ಲೂಕಿನ ಗಡಿಯಲ್ಲಿದೆ. ೮೩೦ ಅಡಿಯ ಶರಾವತಿಯ ಜೋಗ ಒಂದು ಕಾಲಕ್ಕೆ ವರ್ಷದ ಬಹುಭಾಗ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಲ್ಲಿ ಶೋಭಿಸುತ್ತಿತ್ತು. ೧೯೪೮ರಲ್ಲಿ ಅಲ್ಲಿ ವಿದ್ಯುದಾಗಾರ ಕೆಲಸ ಆರಂಭಿಸಿತು. ೧೯೬೪ರಲ್ಲಿ ಮೇಲ್ಗಡೆ ಲಿಂಗನಮಕ್ಕಿಯ ಅಣೆ ಪೂರ್ಣವಾಯಿತು. ಅಂದಿನಿಂದ ಜೋಗಕ್ಕೆ ಮಳೆಗಾಲವೇ ಗತಿ. ಅಣೆ ತುಂಬಿ ಬಾಗಿಲು ತೆರೆದ ವರ್ಷ ಅದರ ಹಬ್ಬ. ಆ ವಿದ್ಯುತ್ತಿನಿಂದ ನಾಡು ಬೆಳಗಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಈ ಲೇಖನವನ್ನು ದೀಪದಡಿಯಲ್ಲಿ ಓದುವ ವಾಚಕರೂ, ಬರೆಯುವ ನಾನೂ ಆ ಬೆಳಕಿನ ಋಣದಲ್ಲಿದ್ದೇವೆ. ಆದರೆ ಅಲ್ಲಿ ನಾವು ಏನನ್ನು ಕೊಟ್ಟು ಏನನ್ನು ಪಡೆದೆವೆಂಬುದಕ್ಕೆ ಲೆಕ್ಕವಿದೆ. ಕಾಡು ಕರಗಿ ಬತ್ತಿದ ಸಣ್ಣ ಜೋಗಗಳ ವಿಷಯದಲ್ಲಿ ಅಂತಹ ಲೆಕ್ಕವೂ ಇಲ್ಲ. ಯಾರೂ ಏನನ್ನೂ ಪಡೆಯದೆ ಎಲ್ಲರೂ ಕಳೆದುಕೊಂಡದ್ದು ಅದು.

ಈ ಹಿನ್ನೆಲೆಯಲ್ಲಿ ಅಘನಾಶಿನಿಯ ಮಹತ್ವ ತಿಳಿಯುತ್ತದೆ. ಸಿರ್ಸಿಯ ಶಂಕರಹೊಂಡದ ಕಡೆಯಿಂದೊಂದು, ಮಂಜುಗುಣಿಯ ಕಡೆಯಿಂದೊಂದು ಸೆಲೆಯಾಗಿ ಹುಟ್ಟಿ, ಕುಮಟೆಯ ಬಳಿ ಕಡಲನ್ನು ಸೇರುವವರೆಗೆ ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ನಮ್ಮ ಘಟ್ಟದ ನದಿಗಳಲ್ಲಿ ಈ ಮಾತು ಹೇಳಿಸಿಕೊಳ್ಳುವಂತಹವು ಕೆಲವೇ. ಅದರ ಕಣಿವೆಯ ಕಾಡನ್ನು ೨೦೧೧ರಲ್ಲಿ ಸಿಂಹಬಾಲದ ಸಿಂಗಳೀಕಗಳಿಗಾಗಿ ಸಂರಕ್ಷಣಾ ಮೀಸಲೆಂದು ಸಾರಿದರು. ೨೦೧೯ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಿದರು. ಕೆಳಗೆ ಸಮುದ್ರದ ಬಳಿ, ಜೋಗದಿಂದ ಇಳಿದ ಸಿಹಿನೀರು ಉಪ್ಪುನೀರಿನೊಡನೆ ಹದವಾಗಿ ಬೆರೆಯುವಲ್ಲಿ, ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಮೀನು, ಸಿಗಡಿ, ಚಿಪ್ಪುಗಳಿಂದ ಸಾವಿರಾರು ಕುಟುಂಬಗಳು ಬದುಕುತ್ತವೆ. ಆ ಅಳಿವೆ ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯನ್ನು ಸೇರಿತು. ಕಾನಿನ ತರಗೆಲೆಯ ಅಡಿಯಲ್ಲಿ ತಡೆದು ನಿಂತ ಹನಿ ಕಗ್ಗದ ತೆನೆಯವರೆಗೆ ನಡೆದುಬರುತ್ತದೆಂದರೆ, ಕೆಪ್ಪ ಜೋಗ ಆ ದಾರಿಯ ನಡುವಣ ಒಂದು ಮೆಟ್ಟಿಲು ಮಾತ್ರ. ಘಟ್ಟದ ನದಿಗಳ ನೀರನ್ನು ಪೂರ್ವದ ಬಯಲಿಗೆ ತಿರುಗಿಸುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಅಘನಾಶಿನಿಯ ಹೆಸರೂ ಅದರಲ್ಲಿ ಬಂದಿದೆ. ಬಯಲಿನವರ ಬಾಯಾರಿಕೆ ಸುಳ್ಳಲ್ಲ. ಆದರೆ ಸಮುದ್ರಕ್ಕೆ ಹೋಗುವ ನೀರೆಲ್ಲ ದಂಡವೆಂದು ಹೇಳುವವರು ಒಮ್ಮೆ ಗಜನಿಯ ರೈತನನ್ನು ಮಾತನಾಡಿಸಿ ಬರಬೇಕು.

ಜಲಪಾತವನ್ನು ಚರಿತ್ರೆಯ ಆಕರವೆಂದು ಯಾವ ವಿಶ್ವವಿದ್ಯಾನಿಲಯವೂ ಕಲಿಸುವುದಿಲ್ಲ. ಶಾಸನ ಕಲ್ಲಿನ ಮೇಲಿದೆ, ಕಡತ ಕಚೇರಿಯಲ್ಲಿದೆ. ಅವನ್ನು ಓದಲು ಪಂಡಿತರಿದ್ದಾರೆ. ಆದರೆ ಬುಕಾನನ್ನನ ಶಂಕೆ, ವಾಟ್ಸನ್ನನ ಏಕಸ್ವಾಮ್ಯ, ೧೮೬೦ರ ನಿಷೇಧ, ೧೮೭೮ರ ಗಡಿಕಲ್ಲು, ಕಾರ್ಖಾನೆಯ ಲಾರಿ, ಸಾಲ್ಕಣಿಯವರ ಅಪ್ಪುಗೆ, ಇವೆಲ್ಲದರ ಒಟ್ಟು ಮೊತ್ತ ಬೇಸಗೆಯ ಜೋಗದಲ್ಲಿ ಎಷ್ಟು ನೀರಿದೆಯೆಂಬುದರಲ್ಲಿ ಬರೆದಿರುತ್ತದೆ. ಪ್ರವಾಸಿಗಳು ಆಗಸ್ಟು ಸೆಪ್ಟೆಂಬರುಗಳಲ್ಲಿ ಹೋಗುತ್ತಾರೆ. ಹೋಗಲಿ, ಆ ದೃಶ್ಯ ಅದ್ಭುತವಾದದ್ದೇ. ಆದರೆ ಆಗ ಎಲ್ಲ ಜೋಗಗಳೂ ಶ್ರೀಮಂತ. ಯಾವುದು ಸಾಲದ ಸಿರಿ, ಯಾವುದು ಸ್ವಂತದ್ದು ಎಂಬುದು ತಿಳಿಯುವುದಿಲ್ಲ. ಇದೇ ತಾಲ್ಲೂಕಿನಲ್ಲಿ ಬಿಳಗಿಯ ಹತ್ತಿರದ ಬುರುಡೆ ಜೋಗವನ್ನು ಮಳೆಗಾಲದಲ್ಲಿ ಕಂಡವರು ಬೇಸಗೆಯಲ್ಲಿ ಗುರುತಿಸಲಾರರು. ವಾಚಕರಲ್ಲಿ ಯಾರಾದರೂ ಉಂಚಳ್ಳಿಗೆ ಹೊರಟರೆ, ಶ್ರಾವಣದಲ್ಲೊಮ್ಮೆ ಹೋದವರು ಫಾಲ್ಗುಣದಲ್ಲಿ ಇನ್ನೊಮ್ಮೆ ಹೋಗಲಿ. ದಾರಿಯಲ್ಲಿ ಉಂಬಳವಿರುವುದಿಲ್ಲ, ಜನಸಂದಣಿಯೂ ಇರುವುದಿಲ್ಲ. ಆ ಹೊತ್ತಿಗೆ ಅಲ್ಲಿ ಬೀಳುವ ನೀರು ಹಿಂದಿನ ಆಷಾಢದಲ್ಲಿ ಬಿದ್ದ ಮಳೆಯದು. ಎಂಟು ತಿಂಗಳು ಅದನ್ನು ಕಾಪಾಡಿ ಕೊಟ್ಟದ್ದು, ಹಿಂದೊಮ್ಮೆ ಯಾವ ಕೆಲಸಕ್ಕೂ ಬಾರದೆಂದು ಬರೆದಿಟ್ಟ ಕಾನು.